ಧರ್ಮಶಾಸ್ತ್ರಕ್ಕೆ ಸತ್ತವರು, ಕೃಪೆಯಲ್ಲಿ ಬದುಕುವವರು

ವಾಕ್ಯಭಾಗ: ರೋಮಾಪುರದವರಿಗೆ 6, 7 ಮತ್ತು 8ನೇ ಅಧ್ಯಾಯಗಳು

ಎಲ್ಲರೂ ಕುಳಿತುಕೊಳ್ಳಿ. ಸತ್ಯವೇದ ತಂದಿರೋರು ತೆರೆಯಿರಿ. ಮೊಬೈಲ್‌ನಲ್ಲಿ ಓದೋರು ಮೊಬೈಲ್‌ನಲ್ಲೇ ತೆರೆಯಿರಿ, ಆದರೆ ವಾಟ್ಸಾಪ್ ಮಾತ್ರ ಸ್ವಲ್ಪ ಹೊತ್ತು ಮುಚ್ಚಿಡಿ. ಇವತ್ತು ಒಂದೇ ವಚನ ಅಲ್ಲ, ಮೂರು ಅಧ್ಯಾಯಗಳನ್ನು ನೋಡಬೇಕು. ಬೆರಳು ರೋಮಾ 6ರಲ್ಲಿ ಇಟ್ಟುಕೊಳ್ಳಿ.

ಕೆಲವು ವಾರಗಳ ಹಿಂದೆ ಆರಾಧನೆ ಮುಗಿದ ಮೇಲೆ ಒಬ್ಬ ತಮ್ಮ ನನ್ನ ಹತ್ತಿರ ಬಂದ. ಅವನ ಅನುಮತಿ ತೆಗೆದುಕೊಂಡೇ ಈ ಮಾತು ಹೇಳುತ್ತಿದ್ದೇನೆ, ಹೆಸರು ಹೇಳುವುದಿಲ್ಲ. ಎಲ್ಲರೂ ಹೋಗುವವರೆಗೆ ಕಾದು ಕೇಳಿದ: "ಅಣ್ಣಾ, ಮೂರು ತಿಂಗಳಿಂದ ನಾನು ಕರ್ತನ ಮೇಜಿನಲ್ಲಿ ಪಾಲು ತಗೊಂಡಿಲ್ಲ. ರೊಟ್ಟಿ ನನ್ನ ಸಾಲಿಗೆ ಬರೋ ಹೊತ್ತಿಗೆ ಎದ್ದು ಹೊರಗೆ ಹೋಗ್ತೀನಿ. ರಾತ್ರಿ ಪಿಜಿ ರೂಮಲ್ಲಿ, ಕೈಯಲ್ಲಿ ಫೋನ್, ಅದೇ ಪಾಪ. ಭಾನುವಾರ ಅತ್ತು ಪ್ರಾರ್ಥನೆ ಮಾಡ್ತೀನಿ, ಬುಧವಾರದ ಹೊತ್ತಿಗೆ ಮತ್ತೆ ಬಿದ್ದಿರ್ತೀನಿ. ನಾನು ನಿಜವಾಗಿಯೂ ರಕ್ಷಣೆ ಹೊಂದಿದ್ದೀನಾ?"

ನಾನು ಏನು ಹೇಳಿದೆ ಗೊತ್ತಾ? "ಬೆಳಿಗ್ಗೆ ಐದಕ್ಕೆ ಏಳು. ವಾರಕ್ಕೊಂದು ದಿನ ಉಪವಾಸ ಮಾಡು. ರಾತ್ರಿ ಹತ್ತರ ಮೇಲೆ ಫೋನ್ ಮುಟ್ಟಬೇಡ. ದಿನಾ ನನಗೆ ರಿಪೋರ್ಟ್ ಮಾಡು." ಅವನು ತಲೆ ಆಡಿಸಿ ಹೋದ. ಮುಖ ಬಂದಾಗ ಹೇಗಿತ್ತೋ ಹೋಗುವಾಗ ಅದಕ್ಕಿಂತ ಭಾರವಾಗಿತ್ತು. ಮನೆಗೆ ಬೈಕ್‌ನಲ್ಲಿ ಹೋಗುವಾಗ ಪವಿತ್ರಾತ್ಮನು ನನ್ನನ್ನು ಎಚ್ಚರಿಸಿದನು. ನಾನು ಹೇಳಿದ್ದರಲ್ಲಿ ಯಾವುದೂ ಕೆಟ್ಟದ್ದಲ್ಲ. ಆದರೆ ಭಾರ ಹೊತ್ತು ಬಂದವನಿಗೆ ಇನ್ನೂ ನಾಲ್ಕು ಕಲ್ಲು ಹೊರಿಸಿ ಕಳಿಸಿದ್ದೆ. ಅವನು ಕೇಳಿದ ಪ್ರಶ್ನೆಗೆ ಉತ್ತರವನ್ನೇ ಕೊಟ್ಟಿರಲಿಲ್ಲ. ಇವತ್ತಿನ ಸಂದೇಶ ಆ ಉತ್ತರ. ಮೊದಲು ಅವನಿಗೆ, ಆಮೇಲೆ ಅವನ ಹಾಗೆ ಇಲ್ಲಿ ಕೂತಿರುವ ಪ್ರತಿಯೊಬ್ಬರಿಗೆ.

ನನ್ನ ನೋಟ್‌ಬುಕ್

ಬೈಬಲ್ ಕಾಲೇಜಿನಲ್ಲಿ ಡಿಪ್ಲೊಮಾ ಮಾಡುತ್ತಿದ್ದಾಗ ನನ್ನ ಹತ್ತಿರ ಒಂದು ನೋಟ್‌ಬುಕ್ ಇತ್ತು. ಪ್ರತಿ ಪುಟದಲ್ಲೂ ಗೆರೆ ಎಳೆದು ಕಾಲಮ್ ಮಾಡಿದ್ದೆ. ಪ್ರಾರ್ಥನೆ, ವಾಕ್ಯ ಓದುವುದು, ಕೋಪ, ಸುಳ್ಳು, ಕಣ್ಣು. ರಾತ್ರಿ ಮಲಗುವ ಮುಂಚೆ ಒಂದೊಂದಕ್ಕೂ ಟಿಕ್ ಅಥವಾ ಕ್ರಾಸ್. ಆ ನೋಟ್‌ಬುಕ್ ನನ್ನಲ್ಲಿ ಎರಡು ಕೆಲಸ ಮಾಡಿತು. ಕ್ರಾಸ್ ಜಾಸ್ತಿ ಇದ್ದ ವಾರ ನಾನು ದೇವರಿಂದ ಓಡಿಹೋಗುತ್ತಿದ್ದೆ, ಪ್ರಾರ್ಥನೆಯಲ್ಲಿ ಬಾಯೇ ಬರುತ್ತಿರಲಿಲ್ಲ. ಟಿಕ್ ಜಾಸ್ತಿ ಇದ್ದ ವಾರ ಇನ್ನೂ ಕೆಟ್ಟದಾಗುತ್ತಿತ್ತು. ಒಮ್ಮೆ ಇಡೀ ವಾರ ಎಲ್ಲ ಟಿಕ್. ಆ ಶನಿವಾರ ರಾತ್ರಿ ಪ್ರಾರ್ಥನಾ ಕೂಟದಲ್ಲಿ ನನ್ನ ರೂಮಿನ ಸಹೋದರನ ಬಲಹೀನತೆಯನ್ನು, "ಕರ್ತನೇ, ಇವನನ್ನು ಬಿಡಿಸು" ಅಂತ ಎಲ್ಲರ ಮುಂದೆ ಹೆಸರು ಹಿಡಿದು ಜೋರಾಗಿ ಪ್ರಾರ್ಥಿಸಿದೆ. ಅವನು ಗುಟ್ಟಾಗಿ ನನ್ನೊಬ್ಬನಿಗೇ ಹೇಳಿಕೊಂಡಿದ್ದ ವಿಷಯ ಅದು. ಆಮೇಲೆ ತುಂಬಾ ದಿನ ಅವನು ನನ್ನ ಜೊತೆ ಮಾತಾಡಲಿಲ್ಲ. ನನ್ನ ನೋಟ್‌ಬುಕ್‌ನಲ್ಲಿ ಪ್ರೀತಿಗೆ ಒಂದು ಕಾಲಮ್ಮೇ ಇರಲಿಲ್ಲ, ಪ್ರಿಯರೇ.

ಸೋತರೆ ಅಡಗಿಕೊಳ್ಳುವುದು, ಗೆದ್ದರೆ ಹೆಮ್ಮೆಪಡುವುದು. ನಮ್ಮ ಬಲದಿಂದ ನೀತಿವಂತರಾಗಲು ಹೋದಾಗ ಸಿಗುವುದು ಇವೆರಡೇ. ಪೌಲನಿಗೆ ಇದು ನಮಗಿಂತ ಚೆನ್ನಾಗಿ ಗೊತ್ತಿತ್ತು. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 3ನೇ ಅಧ್ಯಾಯದಲ್ಲಿ ತನ್ನ ಹಳೆಯ ಟಿಕ್‌ಗಳನ್ನು ಒಂದೊಂದಾಗಿ ಎಣಿಸಿ, ಕ್ರಿಸ್ತನಿಗೋಸ್ಕರ ಎಲ್ಲವನ್ನೂ ಕಸದ ಹಾಗೆ ಎಣಿಸಿದೆನು ಅಂತಾನೆ.

1. ಧರ್ಮಶಾಸ್ತ್ರ ತೋರಿಸುತ್ತದೆ, ಆದರೆ ಬಿಡಿಸುವುದಿಲ್ಲ

ಈಗ ರೋಮಾ 7:7 ನೋಡಿ. ಧರ್ಮಶಾಸ್ತ್ರ ಪಾಪವೋ ಅಂತ ಪೌಲನೇ ಪ್ರಶ್ನೆ ಹಾಕಿ, ಖಂಡಿತ ಅಲ್ಲ ಅಂತ ಅವನೇ ಉತ್ತರ ಕೊಡುತ್ತಾನೆ. 12ನೇ ವಚನದಲ್ಲಿ ಆಜ್ಞೆ ಪರಿಶುದ್ಧವಾದದ್ದು, ಒಳ್ಳೆಯದು ಅಂತಾನೆ. ಹಾಗಾಗಿ "ನಾವು ಕೃಪೆಯ ಕಾಲದವರು, ಹತ್ತು ಆಜ್ಞೆಗಳು ನಮಗೆ ಬೇಡ" ಅಂತ ಯಾರಾದರೂ ಹೇಳಿದರೆ ಅದು ಪೌಲನ ಮಾತಲ್ಲ.

ಗಮನಿಸಿ, ಪೌಲನು ಉದಾಹರಣೆಗೆ ಯಾವ ಆಜ್ಞೆ ತೆಗೆದುಕೊಂಡ? ಕೊಲೆ ಅಲ್ಲ, ಕಳ್ಳತನ ಅಲ್ಲ. ಹತ್ತನೆಯದು, ಬೇರೆಯವರದ್ದನ್ನು ಆಶಿಸಬಾರದು ಅನ್ನುವುದು. ಯಾಕೆ? ಅದೊಂದು ಆಜ್ಞೆಯನ್ನು ಯಾವ ಪೊಲೀಸನೂ ಹಿಡಿಯಲಾರ. ಹೊರಗಿನಿಂದ ನೀವು ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ ಆಗಿರಬಹುದು, ಒಳಗೆ ಬೆಳಿಗ್ಗೆಯಿಂದ ಸಂಜೆವರೆಗೆ ಆಶಿಸುತ್ತಿರಬಹುದು. ಇನ್‌ಸ್ಟಾಗ್ರಾಮ್ ತೆರೆದು ಹತ್ತು ನಿಮಿಷ ಆದರೆ ಸಾಕು. ಅವಳ ಮದುವೆ, ಅವನ ಕಾರು, ಅವರ ಆನ್‌ಸೈಟ್, ಇವರ ದೇಹ. ಹತ್ತನೇ ಆಜ್ಞೆ ನಮ್ಮ ನಡತೆಯನ್ನು ಬಿಟ್ಟು ನೇರ ಹೃದಯಕ್ಕೆ ಟಾರ್ಚ್ ಹಾಕುತ್ತದೆ. ಅಲ್ಲಿ ಪೌಲನಂಥ ಫರಿಸಾಯನಿಗೂ ತಾನು ಯಾರು ಅನ್ನುವುದು ಕಾಣಿಸಿತು.

ನಮ್ಮ ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಕ್ಯಾಮೆರಾ ಇದೆಯಲ್ವಾ? ನಾನೂ ಒಮ್ಮೆ ಕೆಂಪು ದೀಪ ದಾಟಿ ದಂಡ ಕಟ್ಟಿದವನೇ. ಫೋಟೋ, ಗಾಡಿ ನಂಬರ್, ಸಮಯ, ಎಲ್ಲ ಸರಿಯಾಗಿತ್ತು. ಕ್ಯಾಮೆರಾದ ತಪ್ಪು ಒಂದೂ ಇಲ್ಲ. ಆದರೆ ಆ ಕ್ಯಾಮೆರಾ ನನಗೆ ತಾಳ್ಮೆ ಕೊಡಲಿಲ್ಲ. ಕ್ಯಾಮೆರಾ ಇರುವ ಸಿಗ್ನಲ್‌ನಲ್ಲಿ ನಿಲ್ಲುವುದನ್ನು ಕಲಿತೆ, ಅಷ್ಟೆ. ಕ್ಯಾಮೆರಾ ಇಲ್ಲದ ಕಡೆ ನಾನು ಅದೇ ಹಳೆಯ ಮನುಷ್ಯ. ಧರ್ಮಶಾಸ್ತ್ರ ನಮ್ಮ ಅಪರಾಧವನ್ನು ಸರಿಯಾಗಿ ತೋರಿಸುತ್ತದೆ, ಒಂದು ಅಕ್ಷರವೂ ತಪ್ಪಿಲ್ಲದೆ. ಹೊಸ ಹೃದಯ ಕೊಡುವ ಕೆಲಸಕ್ಕೆ ದೇವರು ಅದನ್ನು ಕಳಿಸಲೇ ಇಲ್ಲ.

ಇನ್ನೊಂದು ವಿಷಯ. ವಿಮೋಚನಕಾಂಡದಲ್ಲಿ ಯಾವುದು ಮೊದಲು ಬರುತ್ತದೆ? ಪಸ್ಕದ ಕುರಿ 12ನೇ ಅಧ್ಯಾಯ. ಕೆಂಪು ಸಮುದ್ರ 14ನೇ ಅಧ್ಯಾಯ. ಹತ್ತು ಆಜ್ಞೆಗಳು 20ನೇ ಅಧ್ಯಾಯ. ಐಗುಪ್ತದಲ್ಲಿ ಇಟ್ಟಿಗೆ ಹೊರುತ್ತಿದ್ದ ದಾಸರಿಗೆ ದೇವರು "ಈ ಹತ್ತನ್ನು ಪಾಲಿಸಿ, ಆಮೇಲೆ ಬಿಡಿಸ್ತೀನಿ" ಅನ್ನಲಿಲ್ಲ. ಮೊದಲು ರಕ್ತದ ಮೂಲಕ ಬಿಡಿಸಿದನು, ಆಮೇಲೆ ಬಿಡುಗಡೆಯಾದವರು ಹೇಗೆ ಬದುಕಬೇಕು ಅಂತ ಕಲಿಸಿದನು. ಹಳೆಯ ಒಡಂಬಡಿಕೆಯಲ್ಲೇ ಕ್ರಮ ಇದು. ಈ ಕ್ರಮವನ್ನು ನಾವು ತಲೆಕೆಳಗು ಮಾಡಿಕೊಂಡಾಗಲೇ ನಮ್ಮ ಆತ್ಮಿಕ ಜೀವಿತ ನೋಟ್‌ಬುಕ್ ಆಗುವುದು.

2. ಸತ್ತದ್ದು ಧರ್ಮಶಾಸ್ತ್ರ ಅಲ್ಲ, ನಾವು

ರೋಮಾ 7ರ ಮೊದಲ ನಾಲ್ಕು ವಚನಗಳನ್ನು ನಿಧಾನವಾಗಿ ಓದಿ. ಪೌಲನು ಮದುವೆಯ ಚಿತ್ರ ಕೊಡುತ್ತಾನೆ. ಗಂಡ ಬದುಕಿರುವ ತನಕ ಹೆಂಡತಿ ಕಾನೂನಿನ ಪ್ರಕಾರ ಅವನಿಗೆ ಕಟ್ಟುಬಿದ್ದವಳು. ಮರಣ ಬಂದರೆ ಆ ಕಟ್ಟು ಬಿಚ್ಚುತ್ತದೆ, ಅವಳು ಇನ್ನೊಬ್ಬನನ್ನು ಸೇರಬಹುದು. ಈಗ ಇದನ್ನು ನಮಗೆ ಅನ್ವಯಿಸುವಾಗ ಧರ್ಮಶಾಸ್ತ್ರ ಸತ್ತಿತು ಅಂತ ಪೌಲನು ಹೇಳಬೇಕಿತ್ತು, ಅಲ್ವಾ? ಹಾಗೆ ಹೇಳುವುದಿಲ್ಲ. ನೀವು ಸತ್ತಿರಿ ಅಂತಾನೆ. ಕ್ರಿಸ್ತನ ದೇಹದ ಮೂಲಕ ನೀವು ಧರ್ಮಶಾಸ್ತ್ರದ ಪಾಲಿಗೆ ಸತ್ತಿರಿ, ಸತ್ತವರೊಳಗಿಂದ ಎದ್ದುಬಂದ ಇನ್ನೊಬ್ಬಾತನನ್ನು ಸೇರಿದಿರಿ.

ಕೋರ್ಟಿನ ಭಾಷೆಯಲ್ಲಿ ಯೋಚಿಸಿ. ಕ್ರಿಮಿನಲ್ ಕೇಸ್ ನಡೆಯುತ್ತಿರುವಾಗ ಆರೋಪಿ ತೀರಿಕೊಂಡರೆ ಏನಾಗುತ್ತದೆ? ಅವನ ಮೇಲಿನ ವಿಚಾರಣೆ ಅಲ್ಲಿಗೇ ಮುಗಿಯುತ್ತದೆ. ಕಾನೂನು ರದ್ದಾಗಲಿಲ್ಲ, ಪುಸ್ತಕದಲ್ಲಿ ಹಾಗೆಯೇ ಇದೆ. ಆದರೆ ಸತ್ತವನಿಗೆ ಸಮನ್ಸ್ ಕೊಡಲು ಆಗುವುದಿಲ್ಲ.

ರೋಮಾ 6:3, 4ರ ಪ್ರಕಾರ ಇದೇ ನಿಮ್ಮ ದೀಕ್ಷಾಸ್ನಾನದ ಅರ್ಥ. ನೀರಿನೊಳಗೆ ಹೋದದ್ದು ಸಮಾಧಿ. ನೀರಿನಿಂದ ಎದ್ದದ್ದು ಹೊಸ ಜೀವ. ನಿಮ್ಮ ಮೇಲಿದ್ದ ಮರಣದಂಡನೆಯನ್ನು ದೇವರು ಕಸದ ಬುಟ್ಟಿಗೆ ಹಾಕಲಿಲ್ಲ. ಆ ದಂಡನೆ ಶಿಲುಬೆಯಲ್ಲಿ ಪೂರ್ತಿಯಾಗಿ ಜಾರಿಯಾಯಿತು, ಮತ್ತು ನಂಬಿಕೆಯಿಂದ ನೀವು ಆತನಲ್ಲಿ ಇದ್ದಿರಿ. ಆದ್ದರಿಂದ ಕೃಪೆ ಅಂದರೆ ದೇವರು ಪಾಪವನ್ನು ನೋಡಿಯೂ ನೋಡದ ಹಾಗೆ ಇರುವುದು ಅಲ್ಲ.

ಇನ್ನು 6:23. ಪಾಪ ಕೊಡುವ ಸಂಬಳ ಮರಣ ಅಂತ ಓದುತ್ತೇವೆ. ಅಲ್ಲಿ ಬಳಸಿರುವ ಗ್ರೀಕ್ ಪದ ಸೈನಿಕನ ಸಂಬಳಕ್ಕೆ, ಅವನ ದಿನಸಿ ಬತ್ಯಕ್ಕೆ ಬಳಸುತ್ತಿದ್ದ ಪದ. ಪಾಪ ಒಬ್ಬ ಯಜಮಾನ, ತಿಂಗಳು ತಿಂಗಳು ತಪ್ಪದೆ ಕೊಡುತ್ತಾನೆ. ನೀವು ಸಾಫ್ಟ್‌ವೇರ್‌ನಲ್ಲಿರಿ, ಬ್ಯಾಂಕಿನಲ್ಲಿರಿ, ಸಂಬಳ ಅಂದರೆ ದುಡಿದದ್ದಕ್ಕೆ ಬಂದದ್ದು. ಆದರೆ ಅದೇ ವಚನದ ಎರಡನೇ ಅರ್ಧದಲ್ಲಿ ನಿತ್ಯಜೀವ ಸಂಬಳ ಅಲ್ಲ, ಉಚಿತಾರ್ಥ ವರ. ಹಳೆಯ ಕಂಪನಿಯಿಂದ ಬಿಡುಗಡೆಯಾದವರು ಹಳೆಯ ಮ್ಯಾನೇಜರ್‌ನ ಫೋನ್‌ಗೆ ಹೆದರಬೇಕಾ? ಅವನು ಫೋನ್ ಮಾಡುತ್ತಲೇ ಇರಬಹುದು. ಅವನಿಗೆ ಈಗ ಅಧಿಕಾರ ಇಲ್ಲ.

"ಹಾಗಾದರೆ ಪಾಸ್ಟರ್, ಪಾಪ ಮಾಡುತ್ತಾ ಇದ್ದರೂ ಪರವಾಗಿಲ್ವಾ?" ಈ ಪ್ರಶ್ನೆ ನಿಮ್ಮ ತಲೆಗೆ ಬಂದಿದ್ದರೆ ಒಳ್ಳೆಯದು. ರೋಮಾ 6:1ರಲ್ಲಿ ಇದೇ ಪ್ರಶ್ನೆ ಇದೆ. ಪೌಲನ ಉತ್ತರ ಏನು? ಪಾಪ ಮಾಡಿದರೆ ದೇವರು ಬಿಟ್ಟುಬಿಡ್ತಾನೆ ಅಂತ ಹೆದರಿಸುವುದಿಲ್ಲ. ಪಾಪದ ಪಾಲಿಗೆ ಸತ್ತವರು ಅದರಲ್ಲೇ ಬದುಕುವುದು ಹೇಗೆ ಅಂತ ಕೇಳುತ್ತಾನೆ. ನೀನು ಯಾರು ಅನ್ನುವುದನ್ನು ಮೊದಲು ನೆನಪಿಸುತ್ತಾನೆ, ಆಮೇಲೆ ಹೇಗೆ ನಡೆಯಬೇಕು ಅನ್ನುತ್ತಾನೆ.

3. ನಾನು, ನಾನು, ನಾನು – ಆಮೇಲೆ ಆತ್ಮನು

ರೋಮಾ 7ರ 14ನೇ ವಚನದಿಂದ ಕೊನೆಯವರೆಗೆ ಓದಿದರೆ ನನ್ನ ತಮ್ಮನ ಬುಧವಾರ ರಾತ್ರಿ ಅಲ್ಲೇ ಇದೆ. ಬೇಕು ಅಂದುಕೊಂಡ ಒಳ್ಳೆಯದನ್ನು ಮಾಡಲಾರೆ, ಬೇಡ ಅಂದ ಕೆಟ್ಟದ್ದನ್ನೇ ಮಾಡುತ್ತೇನೆ ಅನ್ನುವ ಗೋಳಾಟ. ಇದು ಪೌಲನ ರಕ್ಷಣೆಗೆ ಮುಂಚಿನ ಅನುಭವವೋ, ಆಮೇಲಿನದೋ ಅಂತ ದೇವಭಕ್ತರು ಶತಮಾನಗಳಿಂದ ಚರ್ಚಿಸಿದ್ದಾರೆ. ಇವತ್ತು ನಾನು ಆ ಚರ್ಚೆಗೆ ಹೋಗುವುದಿಲ್ಲ. ಒಂದನ್ನು ಮಾತ್ರ ಎಣಿಸಿ ನೋಡಿ.

ಕಾಲೇಜಿನಲ್ಲಿ ಪರೀಕ್ಷೆಗೆ ಓದುತ್ತಾ ನಾನು ಪೆನ್ಸಿಲ್ ಹಿಡಿದು ಎಣಿಸಿದ್ದೆ. 7ನೇ ಅಧ್ಯಾಯದಲ್ಲಿ ಧರ್ಮಶಾಸ್ತ್ರ, ನಿಯಮ ಅನ್ನುವ ಗ್ರೀಕ್ ಪದ ಇಪ್ಪತ್ತಕ್ಕೂ ಹೆಚ್ಚು ಸಲ ಬರುತ್ತದೆ. "ನಾನು", "ನನ್ನ" ಅನ್ನುವುದಕ್ಕೆ ಲೆಕ್ಕವೇ ಇಲ್ಲ. 6ನೇ ವಚನದಲ್ಲಿ ಒಮ್ಮೆ ಬಿಟ್ಟರೆ ಆತ್ಮನ ಹೆಸರೇ ಇಲ್ಲ. 8ನೇ ಅಧ್ಯಾಯಕ್ಕೆ ಬಂದರೆ ಆತ್ಮ ಅನ್ನುವ ಪದ ಸುಮಾರು ಇಪ್ಪತ್ತು ಸಲ. ಆ ರಾತ್ರಿ ನಾನು ಪೆನ್ಸಿಲ್ ಕೆಳಗಿಟ್ಟೆ. ನನ್ನ ನೋಟ್‌ಬುಕ್ ತುಂಬಾ 7ನೇ ಅಧ್ಯಾಯವೇ ಇತ್ತು. ನಾನು ಏಳಬೇಕು, ನಾನು ನಿಲ್ಲಿಸಬೇಕು, ನಾನು ಗೆಲ್ಲಬೇಕು. ಪವಿತ್ರಾತ್ಮನ ಅಭಿಷೇಕ ಹೊಂದಿದ್ದೆ, ಅನ್ಯಭಾಷೆಯಲ್ಲಿ ಮಾತಾಡುತ್ತಿದ್ದೆ. ಆದರೆ ಆ ಆತ್ಮನನ್ನು ಭಾನುವಾರದ ಆರಾಧನೆಗೆ ಮಾತ್ರ ಕರೆದು, ಸೋಮವಾರದಿಂದ ಶನಿವಾರದವರೆಗೆ ನೋಟ್‌ಬುಕ್‌ನಲ್ಲಿ ಬದುಕುತ್ತಿದ್ದೆ. ಪೆಂತೆಕೊಸ್ತ್ ಸಭೆಯವರಾದ ನಾವು ಇದನ್ನು ದೀನತೆಯಿಂದ ಒಪ್ಪಿಕೊಳ್ಳಬೇಕು.

ಮರುದಿನ ನಾನು ರೂಮಿನ ಸಹೋದರನ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಅವನು ಕೂಡಲೇ ಕ್ಷಮಿಸಿದ ಅಂತ ಹೇಳಿದರೆ ಸುಳ್ಳಾಗುತ್ತದೆ. ಸಮಯ ಹಿಡಿಯಿತು. ಆದರೆ ಆ ಬೆಳಿಗ್ಗೆ ಅವನ ಮುಂದೆ ನಿಂತದ್ದು ಟಿಕ್‌ಗೋಸ್ಕರ ಅಲ್ಲ. ಅದು ನನಗೆ ಹೊಸದು.

ಜಾನ್ ವೆಸ್ಲಿಯ ವಿಷಯ ನಿಮ್ಮಲ್ಲಿ ಕೆಲವರು ಕೇಳಿರಬಹುದು. ಆಕ್ಸ್‌ಫರ್ಡ್‌ನಲ್ಲಿ ಕಲಿತವನು, 1728ರಲ್ಲೇ ಯಾಜಕನಾಗಿ ಅಭಿಷೇಕ ಹೊಂದಿದವನು. ಉಪವಾಸ, ಜೈಲಿನಲ್ಲಿದ್ದವರ ಭೇಟಿ, ಗಂಟೆಗಂಟೆಗೂ ತನ್ನ ನಡತೆಯ ಲೆಕ್ಕ ಬರೆಯುವ ಡೈರಿ, ಎಲ್ಲ ಇತ್ತು. 1735ರಲ್ಲಿ ಸುವಾರ್ತೆ ಸಾರಲು ಅಮೆರಿಕದ ಜಾರ್ಜಿಯಾಕ್ಕೆ ಹಡಗು ಹತ್ತಿದ. ಸಮುದ್ರದಲ್ಲಿ ಬಿರುಗಾಳಿ ಎದ್ದಾಗ ಸಾವಿಗೆ ಹೆದರಿದ. ಅದೇ ಹಡಗಿನಲ್ಲಿದ್ದ ಮೊರೇವಿಯನ್ ವಿಶ್ವಾಸಿಗಳು ಶಾಂತವಾಗಿ ಹಾಡುತ್ತಿದ್ದರು. ಅವರಲ್ಲಿರುವುದು ತನ್ನಲ್ಲಿಲ್ಲ ಅಂತ ಅವನಿಗೆ ಗೊತ್ತಾಯಿತು. ಸೇವೆಯಲ್ಲಿ ಸೋತು ಇಂಗ್ಲೆಂಡಿಗೆ ವಾಪಸ್ ಬಂದ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಮನಸ್ಸಿಲ್ಲದೆ ಹೋದ. ಅಲ್ಲಿ ಇದೇ ರೋಮಾಪುರದವರ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿಯನ್ನು ಓದುತ್ತಿದ್ದರು. ದೇವರು ಕ್ರಿಸ್ತನಲ್ಲಿ ಇಡುವ ನಂಬಿಕೆಯ ಮೂಲಕ ಹೃದಯವನ್ನು ಹೇಗೆ ಬದಲಾಯಿಸುತ್ತಾನೆ ಅನ್ನುವುದನ್ನು ಕೇಳುತ್ತಿದ್ದಾಗ, ಕ್ರಿಸ್ತನು ತನ್ನ ಪಾಪಗಳನ್ನೇ ತೆಗೆದುಹಾಕಿದನು ಅನ್ನುವ ಭರವಸೆ ಅವನಿಗೆ ಸಿಕ್ಕಿತು. ಆಮೇಲೆ ಅವನು ಶಿಸ್ತು ಬಿಟ್ಟನಾ? ಇಲ್ಲ. ಸಾಯುವ ತನಕ ಕುದುರೆಯ ಮೇಲೆ, ಗಾಡಿಯಲ್ಲಿ ಊರೂರು ಸುತ್ತಿ ಸಾರಿದ. ಶಿಸ್ತು ಹಾಗೇ ಇತ್ತು. ಆದರೆ ದೇವರು ತನ್ನನ್ನು ಅಂಗೀಕರಿಸಲಿ ಅಂತ ಮಾಡುತ್ತಿದ್ದದ್ದನ್ನು, ಅಂಗೀಕರಿಸಿದ್ದಾನೆ ಅಂತ ಮಾಡತೊಡಗಿದ.

ರೋಮಾ 8:1 ಈ ಕ್ರಮದಲ್ಲೇ ಬರುತ್ತದೆ. ಕ್ರಿಸ್ತ ಯೇಸುವಿನಲ್ಲಿರುವವರಿಗೆ ಅಪರಾಧ ನಿರ್ಣಯ ಇಲ್ಲ ಅನ್ನುವ ತೀರ್ಪು ಅಧ್ಯಾಯದ ಬಾಗಿಲಲ್ಲೇ ಇದೆ. ಆತ್ಮನ ಸಹಾಯದಿಂದ ಪಾಪದ ಕೆಲಸಗಳನ್ನು ಸಾಯಿಸಿರಿ ಅನ್ನುವ ಹೋರಾಟ 13ನೇ ವಚನದಲ್ಲಿದೆ. ತೀರ್ಪು ಮೊದಲು, ಹೋರಾಟ ಆಮೇಲೆ. ಗೆದ್ದರೆ ಬಿಡುಗಡೆ ಅಂತಲ್ಲ. ಬಿಡುಗಡೆ ಆಗಿದೆ, ಅದಕ್ಕೇ ಹೋರಾಡಬಹುದು. ಯೆಹೆಜ್ಕೇಲ 36ರಲ್ಲಿ ದೇವರು ವಾಗ್ದಾನ ಮಾಡಿದ್ದೂ ಇದನ್ನೇ: ಕಲ್ಲಿನ ಹೃದಯ ತೆಗೆದು ಹೊಸ ಹೃದಯ ಕೊಡುವುದು, ತನ್ನ ಆತ್ಮವನ್ನು ನಮ್ಮೊಳಗೆ ಇಡುವುದು, ತನ್ನ ನಿಯಮದಲ್ಲಿ ನಡೆಯುವಂತೆ ತಾನೇ ಮಾಡುವುದು.

ಹಾಗಾದರೆ ಬುಧವಾರ ರಾತ್ರಿ ಏನು ಮಾಡಬೇಕು?

ಮೊದಲನೆಯದು, ಎಣಿಸಿಕೊಳ್ಳಿ. ರೋಮಾ 6:11ರಲ್ಲಿರುವ ಪದ ಲೆಕ್ಕಪತ್ರದ ಪದ. ಅಕೌಂಟಿಗೆ ಹಣ ಬಂದಿದೆ ಅಂತ ಮೆಸೇಜ್ ಬಂದರೆ ನಿಮ್ಮ ಭಾವನೆ ಹೇಗಿದ್ದರೂ ಹಣ ಇದೆ. ಶೋಧನೆ ಬಂದ ಕ್ಷಣದಲ್ಲಿ, "ಕರ್ತನೇ, ನಾನು ನಿನ್ನಲ್ಲಿ ಸತ್ತವನು, ನಿನ್ನಲ್ಲಿ ಬದುಕುವವನು" ಅಂತ ಬಾಯಿಬಿಟ್ಟು ಹೇಳಿ. ಸುಳ್ಳನ್ನು ನಿಜ ಅಂತ ಅಂದುಕೊಳ್ಳುವುದಲ್ಲ ಇದು. ದೇವರು ಈಗಾಗಲೇ ಮಾಡಿದ್ದನ್ನು ಒಪ್ಪಿಕೊಳ್ಳುವುದು.

ಎರಡನೆಯದು, ಒಪ್ಪಿಸಿಕೊಡಿ. 6:13ರಲ್ಲಿ ಅಂಗಾಂಗಗಳ ಮಾತಿದೆ. ಕಣ್ಣು, ಕೈ, ಹೆಬ್ಬೆರಳು ಕೂಡ. ಫೋನ್ ರಾತ್ರಿ ರೂಮಿನ ಹೊರಗೆ ಚಾರ್ಜ್‌ಗೆ ಇಡಿ. ನಾನು ಆ ತಮ್ಮನಿಗೆ ಹೇಳಿದ ಸಲಹೆಗಳು ಇಲ್ಲಿಗೆ ಸೇರುತ್ತವೆ. ಬಿಡುಗಡೆಯಾದ ಮಗ ಮಾಡುವ ಕೆಲಸ ಅಂತ ಮಾಡಿದರೆ ಅವು ಆಶೀರ್ವಾದ. ಮಗನಾಗುವುದಕ್ಕೆ ಮಾಡಿದರೆ ಕಲ್ಲು.

ಮೂರನೆಯದು, ಬೆಳಕಿಗೆ ತನ್ನಿ. ಯಾಕೋಬ 5:16 ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಿ, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಬೇಕು ಅನ್ನುತ್ತದೆ. ನಂಬಿಕಸ್ತರಾದ ಒಬ್ಬ ಅಣ್ಣನಿಗೆ, ಒಬ್ಬ ಅಕ್ಕನಿಗೆ ಹೇಳಿ. ಕೇಳಿಸಿಕೊಳ್ಳುವವರೇ, ನಿಮಗೂ ಒಂದು ಮಾತು. ಅದನ್ನು ಪ್ರಾರ್ಥನಾ ಕೂಟಕ್ಕೆ ತೆಗೆದುಕೊಂಡು ಹೋಗಬೇಡಿ. ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ.

ಬೀಳುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಬಿದ್ದಾಗ ಎಲ್ಲಿಗೆ ಓಡುತ್ತೀರಿ ಅನ್ನುವುದು ಬದಲಾಗುತ್ತದೆ. ದಾಸನು ಯಜಮಾನನಿಂದ ದೂರ ಓಡುತ್ತಾನೆ, ಮಗು ಬಿದ್ದರೆ ಅಪ್ಪನ ಕಡೆಗೇ ಓಡುತ್ತದೆ. ರೋಮಾ 8:15ರಲ್ಲಿ ನಮಗೆ ಸಿಕ್ಕಿರುವ ಆತ್ಮ ಯಾವುದು? ದೇವರನ್ನು ಅಪ್ಪಾ ಅಂತ ಕೂಗುವಂತೆ ಮಾಡುವ ಆತ್ಮ.

ಕರ್ತನ ಮೇಜಿಗೆ ಬನ್ನಿ

ಇನ್ನು ಸ್ವಲ್ಪ ಹೊತ್ತಿನಲ್ಲಿ ಮೇಜು ಸಿದ್ಧವಾಗುತ್ತದೆ. 1 ಕೊರಿಂಥ 11:28ರಲ್ಲಿ ತನ್ನನ್ನು ಪರೀಕ್ಷಿಸಿಕೊಳ್ಳಲಿ ಅಂತ ಇದೆ. ನಾವು ಅಲ್ಲಿಗೇ ನಿಲ್ಲಿಸಿಬಿಡುತ್ತೇವೆ. ವಚನ ಮುಂದುವರಿಯುತ್ತದೆ: ಪರೀಕ್ಷಿಸಿಕೊಂಡು ತಿನ್ನಲಿ, ಕುಡಿಯಲಿ ಅಂತ. ಪರೀಕ್ಷಿಸಿಕೊಂಡು ಎದ್ದು ಹೊರಗೆ ಹೋಗಲಿ ಅಂತ ಬರೆದಿಲ್ಲ. ಕೊರಿಂಥದಲ್ಲಿ ಪೌಲನು ಗದರಿಸಿದ್ದು ಪಾಪಕ್ಕಾಗಿ ಅಳುತ್ತಿದ್ದವರನ್ನಲ್ಲ. ಬಡವರು ಹಸಿದು ಕೂತಿರುವಾಗ ತಾವು ಮೊದಲೇ ತಿಂದು ಕುಡಿದು ಸಭೆಯನ್ನು ಅವಮಾನ ಮಾಡಿದವರನ್ನು. ಪಾಪವನ್ನು ಬಿಡುವ ಮನಸ್ಸೇ ಇಲ್ಲದೆ, ಅದನ್ನು ಸಮರ್ಥಿಸಿಕೊಂಡು ಬರುವವರು ಹೆದರಬೇಕು. ಬಿಡಲು ಒದ್ದಾಡುತ್ತಿರುವವರಿಗೆ ಈ ಮೇಜು ಬೇಕು. ಆ ರೊಟ್ಟಿ ಒಳ್ಳೆಯವರಿಗೆ ಕೊಡುವ ಬಹುಮಾನ ಅಲ್ಲ, ಪಾಪಿಗಳಿಗಾಗಿ ಮುರಿಯಲ್ಪಟ್ಟ ದೇಹ.

ನನ್ನ ತಮ್ಮನಿಗೆ ನಾನು ಆ ವಾರವೇ ಫೋನ್ ಮಾಡಿ ಕ್ಷಮೆ ಕೇಳಿದೆ. ಅವನ ಪ್ರಶ್ನೆಗೆ ಇವತ್ತು ಎಲ್ಲರ ಮುಂದೆ ಉತ್ತರ ಹೇಳುತ್ತೇನೆ. ಪಾಪದಲ್ಲಿ ಆರಾಮವಾಗಿ ಇರಲು ನಿನಗೆ ಆಗುತ್ತಿಲ್ಲವಲ್ಲ, ಸತ್ತವನಿಗೆ ಆ ನೋವು ಇರುವುದಿಲ್ಲ. ನಿನ್ನೊಳಗೆ ಇರುವಾತನೇ ನಿನ್ನನ್ನು ಕಾಡುತ್ತಿದ್ದಾನೆ. ಆದರೆ ನಿನ್ನ ಭರವಸೆಯನ್ನು ಆ ಕಣ್ಣೀರಿನ ಮೇಲೂ ಇಡಬೇಡ. ಯೇಸುವಿನ ಮೇಲೆ ಇಡು. ರೊಟ್ಟಿ ನಿನ್ನ ಸಾಲಿಗೆ ಬರುವಾಗ ಏಳಬೇಡ, ಕೂತಿರು.

ಎಲ್ಲರೂ ತಲೆಬಾಗಿಸೋಣ. ಪರಲೋಕದ ತಂದೆಯೇ, ನಿನ್ನ ಆಜ್ಞೆ ಒಳ್ಳೆಯದು, ನಾವು ಅದನ್ನು ಪಾಲಿಸದೆ ಹೋದೆವು. ನಿನ್ನ ಮಗನು ನಮ್ಮ ಮರಣವನ್ನು ಹೊತ್ತನು, ಅದಕ್ಕಾಗಿ ಸ್ತೋತ್ರ. ನಾವು ಕಟ್ಟಿಕೊಂಡ ನೋಟ್‌ಬುಕ್‌ಗಳನ್ನು ಇವತ್ತು ನಿನ್ನ ಪಾದದ ಬಳಿ ಇಡುತ್ತೇವೆ. ಅಡಗಿಕೊಂಡಿರುವವರನ್ನು ಹೊರಗೆ ಕರೆ, ಹೆಮ್ಮೆಪಡುವವರನ್ನು ತಗ್ಗಿಸು, ನನ್ನನ್ನೂ ಸೇರಿಸಿ. ಪವಿತ್ರಾತ್ಮನೇ, ಭಾನುವಾರಕ್ಕೆ ಮಾತ್ರ ಅಲ್ಲ, ಬುಧವಾರ ರಾತ್ರಿಗೂ ನಮ್ಮ ಸಂಗಡ ಇರು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.